ಸಿಆರ್‌ಪಿ ನೋಡಿ ಅಪ್ಪನಾಗುವ ಆಸೆ ಬಿಡಬೇಡ

ತಮ್ಮಾ, ಈಗ ರಕ್ತ ಕೊಡುವುದಕ್ಕೆ ಲ್ಯಾಬಿನ ಬೆಂಚಿನ ಮೇಲೆ ಕಾದು ಕೂರಬೇಕಿಲ್ಲ. ಬೆಳಿಗ್ಗೆ ಹುಡುಗನೊಬ್ಬ ಮನೆಗೇ ಬಂದು ಎರಡು ಟ್ಯೂಬ್ ತುಂಬಿಸಿಕೊಂಡು ಹೋಗುತ್ತಾನೆ. ಸಂಜೆಗೆ ಎಪ್ಪತ್ತೆಂಬತ್ತು ಸಂಖ್ಯೆಗಳ ಪಿಡಿಎಫ್ ಮೊಬೈಲಿಗೆ ಬೀಳುತ್ತದೆ. ಒಂದೆರಡು ಸಾಲಾದರೂ ದಪ್ಪಕ್ಷರದಲ್ಲಿ ಇಲ್ಲದ ಅಂಥ ರಿಪೋರ್ಟು ಇತ್ತೀಚೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಿನ್ನದರಲ್ಲಿ ದಪ್ಪಗೆ ಕಂಡದ್ದು ಎಚ್‌ಎಸ್-ಸಿಆರ್‌ಪಿ, 4.8. ಮದುವೆಯಾಗಿ ಎರಡು ವರ್ಷ ದಾಟಿದೆ, ಮನೆಯಲ್ಲಿ ತೊಟ್ಟಿಲಿನ ಮಾತು ಶುರುವಾಗಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀನು ಮೊಬೈಲಿನಲ್ಲಿ ‘ಸಿಆರ್‌ಪಿ ಜಾಸ್ತಿ ಇದ್ದರೆ ಮಕ್ಕಳಾಗುತ್ತವಾ’ ಎಂದು ಹುಡುಕಿದ್ದೀಯ. ಸಿಕ್ಕ ಉತ್ತರ ನಿದ್ದೆ ಕೆಡಿಸಿದೆ.

ಇದು ನಿನ್ನೊಬ್ಬನ ಪಾಡಲ್ಲ. ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ರಕ್ತ, ಕಫ, ಮೂತ್ರ, ವೀರ್ಯ ಎಲ್ಲವನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಲೇ ನಿವೃತ್ತನಾದವನು ನಾನು. ಈಗಲೂ ನೆಂಟರ ಹುಡುಗರು, ಅವರ ಗೆಳೆಯರು ರಿಪೋರ್ಟು ಕಳಿಸಿ ‘ಕಾಕಾ, ಇದೇನು ನೋಡ್ರಿ’ ಎನ್ನುತ್ತಾರೆ. ಡಾಕ್ಟರಿಗೆ ತೋರಿಸಲು ನಾಚಿಕೆ, ಹೆಂಡತಿಗೆ ಹೇಳಲು ಅಂಜಿಕೆ, ಹಾಗಾಗಿ ಕಾಕಾ. ನಾನು ಡಾಕ್ಟರನಲ್ಲ. ಆದರೆ ಆ ಸಂಖ್ಯೆಗಳು ಹುಟ್ಟುವ ಜಾಗ ನನಗೆ ಗೊತ್ತು. ಅವು ಏನು ಹೇಳುತ್ತವೆ, ಏನು ಹೇಳಲಾರವು ಎಂಬುದೂ ಗೊತ್ತು.

ಮೊದಲು ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ನ್ಯುಮೋನಿಯಾ ತರುವ ಸೂಕ್ಷ್ಮಾಣುವಿನ ಮೈಮೇಲಿನ ‘ಸಿ’ ಎಂಬ ಸಕ್ಕರೆ ಪದಾರ್ಥಕ್ಕೆ ಅದು ಅಂಟಿಕೊಳ್ಳುತ್ತಿತ್ತು, ಹೆಸರೂ ಹಾಗೇ ಬಂತು. ದೇಹದಲ್ಲಿ ಎಲ್ಲಿಯೋ ಗಾಯವೋ ಸೋಂಕೋ ಆಗಿ ಉರಿಯೂತ ಎದ್ದಾಗ ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಕಳಿಸುತ್ತವೆ, ಅದು ತಲುಪಿದೊಡನೆ ಲಿವರ್ ಸಿಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ಏಳೆಂಟು ತಾಸಿನಲ್ಲಿ ಏರಲು ಶುರು, ಎರಡು ದಿನಕ್ಕೆ ತುದಿ. ಕಾರಣ ಹೋದ ಮೇಲೆ ಸುಮಾರು 19 ತಾಸಿಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಹಾಗಾಗಿ ರಕ್ತ ಕೊಡುವ ಮೂರು ದಿನ ಮುಂಚೆ ನೆಗಡಿ ಜ್ವರ ಬಂದಿತ್ತೇ, ಹಲ್ಲು ಕೀಳಿಸಿದ್ದೆಯಾ, ಹಿಂದಿನ ದಿನ ಜಿಮ್ಮಿನಲ್ಲಿ ಮೈ ಮುರಿಯುವಷ್ಟು ಭಾರ ಎತ್ತಿದ್ದೆಯಾ, ಇದನ್ನೆಲ್ಲ ಕೇಳದೆ ಆ 4.8ಕ್ಕೆ ಅರ್ಥ ಕಟ್ಟಲು ಬರುವುದಿಲ್ಲ.

ಇನ್ನೊಂದು ಮಾತು. ಎಚ್‌ಎಸ್-ಸಿಆರ್‌ಪಿಗೆ, ಅಂದರೆ ಹೆಚ್ಚು ಸೂಕ್ಷ್ಮವಾಗಿ ಅಳೆದ ಸಿಆರ್‌ಪಿಗೆ, 1ಕ್ಕಿಂತ ಕಡಿಮೆ ಒಳ್ಳೆಯದು, 1ರಿಂದ 3 ನಡುವಿನದು, 3ರ ಮೇಲೆ ಅಪಾಯ ಎಂಬ ಗೆರೆಗಳಿವೆಯಲ್ಲ, ಅವನ್ನು ಎಳೆದವರು 2003ರಲ್ಲಿ ಅಮೆರಿಕದ ಹೃದ್ರೋಗ ತಜ್ಞರು. ಯಾರಿಗೆ ಮುಂದೆ ಹೃದಯಾಘಾತದ ಸಾಧ್ಯತೆ ಹೆಚ್ಚು ಎಂದು ಅಂದಾಜು ಮಾಡಲು ಎಳೆದ ಗೆರೆ ಅದು. ವೀರ್ಯಾಣುವಿನ ಲೆಕ್ಕಕ್ಕೂ ಅದಕ್ಕೂ ಸಂಬಂಧ ಕಲ್ಪಿಸಿದವರು ಯಾರೂ ಅಲ್ಲಿ ಇರಲಿಲ್ಲ. 10ರ ಮೇಲೆ ಬಂದರೆ ಎಲ್ಲೋ ಸೋಂಕಿರಬೇಕು, ಎರಡು ವಾರ ಬಿಟ್ಟು ಮತ್ತೆ ನೋಡಿ ಎಂದೇ ಅವರೂ ಹೇಳಿದ್ದು. ನಮ್ಮ ಕಾಲದಲ್ಲಿ ಸ್ಲೈಡಿನ ಮೇಲೆ ಲೇಟೆಕ್ಸ್ ಹನಿ ಹಾಕಿ ಅಲುಗಾಡಿಸಿ, ಗರಣೆ ಕಟ್ಟಿದರೆ ಪಾಸಿಟಿವ್ ಎಂದು ಬರೆಯುತ್ತಿದ್ದೆವು. ನಿನ್ನ 4.8 ಆ ಸ್ಲೈಡಿನಲ್ಲಿ ಕಾಣುತ್ತಲೂ ಇರಲಿಲ್ಲ. ಯಂತ್ರಗಳು ಸೂಕ್ಷ್ಮವಾದವು, ಹೆದರಿಕೆಯೂ ಅದರ ಜೊತೆಗೆ ಸೂಕ್ಷ್ಮವಾಯಿತು.

ಉರಿಯೂತದ ಇನ್ನೊಂದು ಅಳತೆ ಇಎಸ್‌ಆರ್, ಅದು ನನಗೆ ಹಳೆಯ ಗೆಳೆಯ. ಸೋಡಿಯಂ ಸಿಟ್ರೇಟ್ ಬೆರೆಸಿದ ರಕ್ತವನ್ನು ಉದ್ದನೆಯ ಗಾಜಿನ ಕೊಳವೆಗೆ ಏರಿಸಿ, ಸ್ಟ್ಯಾಂಡಿಗೆ ನೆಟ್ಟಗೆ ಸಿಕ್ಕಿಸಿ, ಒಂದು ತಾಸು ಬಿಟ್ಟು ಕೆಂಪು ಕಣ ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ ಎಂದು ಓದುವುದು. ಸ್ವೀಡನ್ನಿನ ಫಾರೇಯಸ್ 1918ರಲ್ಲಿ ಇದನ್ನು ಗಮನಿಸಿದ್ದು ಗರ್ಭಿಣಿಯರ ರಕ್ತ ಬೇಗ ಇಳಿಯುತ್ತದೆ ಎಂದು. ವೆಸ್ಟರ್‌ಗ್ರೆನ್ 1921ರಲ್ಲಿ ಅದಕ್ಕೊಂದು ಕ್ರಮ ಮಾಡಿಕೊಟ್ಟ. ಆ ಕೊಳವೆ ಮೂರು ಡಿಗ್ರಿ ವಾಲಿದರೂ ಸಾಕು, ರೀಡಿಂಗ್ ಏರಿಬಿಡುತ್ತದೆ. ಅದೇ ಮೇಜಿನ ಮೇಲೆ ಸೆಂಟ್ರಿಫ್ಯೂಜ್ ಗುಂಯ್ಗುಡುತ್ತಿದ್ದರೂ ಅಷ್ಟೇ. ಏಪ್ರಿಲ್ ತಿಂಗಳ ಮಧ್ಯಾಹ್ನ, ಕರೆಂಟಿಲ್ಲದ ಲ್ಯಾಬು ಎಂದರೆ ಕೇಳುವುದೇ ಬೇಡ. ರಕ್ತಹೀನತೆ ಇದ್ದರೂ ಏರುತ್ತದೆ, ವಯಸ್ಸಾದಂತೆಯೂ ಏರುತ್ತದೆ. ಗಂಡಸಿನ ವಯಸ್ಸನ್ನು ಎರಡರಿಂದ ಭಾಗಿಸಿದರೆ ಬರುವಷ್ಟು ಇಎಸ್‌ಆರ್ ಇದ್ದರೆ ಪರವಾಗಿಲ್ಲ ಎಂಬ ಒರಟು ಲೆಕ್ಕವೊಂದಿದೆ. ಬಹಳ ಸಲ ಡಾಕ್ಟರುಗಳು ಅದರಿಂದಲೇ ಕೆಲಸ ಸಾಗಿಸುತ್ತಾರೆ.

ಈಗ ಹೊಸದಾಗಿ ಬಂದಿರುವುದು ಎನ್‌ಎಲ್‌ಆರ್. ಸಿಬಿಸಿ ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳ ಪಾಲು ಇರುತ್ತದಲ್ಲ, ಅದರಲ್ಲಿ ನ್ಯೂಟ್ರೋಫಿಲ್‌ ಅನ್ನು ಲಿಂಫೋಸೈಟ್‌ನಿಂದ ಭಾಗಿಸುವುದು. 60ಕ್ಕೆ 30 ಇದ್ದರೆ 2. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1ರಿಂದ 3ರೊಳಗೆ. ಅದಕ್ಕೆ ಪ್ಲೇಟ್‌ಲೆಟ್ ಎಣಿಕೆಯನ್ನು ಗುಣಿಸಿದರೆ ಎಸ್‌ಐಐ ಎಂಬ ಇನ್ನೊಂದು ಸೂಚ್ಯಂಕ. 2014ರಲ್ಲಿ ಲಿವರ್ ಕ್ಯಾನ್ಸರ್ ರೋಗಿಗಳಿಗಾಗಿ ಅದನ್ನು ಮುಂದಿಟ್ಟರು. ಹೊಸ ಪರೀಕ್ಷೆ ಬೇಡ, ಹೊಸ ಖರ್ಚಿಲ್ಲ, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹಳೆಯ ಸಿಬಿಸಿಗಳು ರಾಶಿ ಬಿದ್ದಿವೆ. ಹಾಗಾಗಿ ಸಂಶೋಧಕರು ಹೃದ್ರೋಗ, ಸಕ್ಕರೆ ಕಾಯಿಲೆ ಎಲ್ಲದಕ್ಕೂ ಈ ಭಾಗಾಕಾರ ಹಚ್ಚಿ ನೋಡಿದರು. ಮಕ್ಕಳಾಗದ ಗಂಡಸರಿಗೂ ಹಚ್ಚಿದರು. ಕೆಲವು ಕಡೆ ವೀರ್ಯಾಣು ಕಡಿಮೆ ಇದ್ದವರ ಗುಂಪಿನಲ್ಲಿ ಸರಾಸರಿ ತುಸು ಹೆಚ್ಚು ಬಂತು, ಕೆಲವು ಕಡೆ ವ್ಯತ್ಯಾಸವೇ ಕಾಣಲಿಲ್ಲ. ಹೆಚ್ಚು ಬಂದ ಕಡೆಯೂ ಎರಡು ಗುಂಪಿನ ಅಂಕಿಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಗುಂಪಿನ ಸರಾಸರಿ ಹಿಡಿದುಕೊಂಡು ಒಬ್ಬ ಗಂಡಸಿನ ಹಣೆಬರಹ ಓದಲಾಗದು. ಗಂಡಸಿನ ಬಂಜೆತನದ ತಪಾಸಣೆ ಹೇಗಿರಬೇಕೆಂದು ಅಮೆರಿಕದ ಮೂತ್ರರೋಗ ಮತ್ತು ಸಂತಾನ ತಜ್ಞರ ಸಂಘಗಳು ಬರೆದಿಟ್ಟ ಮಾರ್ಗದರ್ಶಿಯಲ್ಲಿ ಮೊದಲ ಹೆಜ್ಜೆ ಏನು ಗೊತ್ತೇ? ಕೂರಿಸಿ ಕಥೆ ಕೇಳುವುದು, ವೀರ್ಯ ಪರೀಕ್ಷೆ. ಅದರಲ್ಲಿ ದೋಷ ಕಂಡರೆ ಕೈಯಿಟ್ಟು ಪರೀಕ್ಷಿಸುವುದು. ಬೇಕೆನಿಸಿದರೆ ಹಾರ್ಮೋನು. ಸಿಆರ್‌ಪಿ, ಇಎಸ್‌ಆರ್, ಎನ್‌ಎಲ್‌ಆರ್ ಅಲ್ಲಿ ಇಲ್ಲ.

ಹಾಗಾದರೆ ರಕ್ತದ ಉರಿಯೂತಕ್ಕೂ ವೀರ್ಯಕ್ಕೂ ನಂಟೇ ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. ದೂರದಿಂದ ಊರ ಮೇಲೆ ಹೊಗೆ ಕಂಡರೆ ಎಲ್ಲೋ ಬೆಂಕಿ ಇದೆಯೆಂದು ತಿಳಿಯುತ್ತದೆ, ಆದರೆ ಅದು ಸುಡುವ ಬಣವೆಯೋ, ಮದುವೆ ಮನೆಯ ಒಲೆಯೋ ಎಂದು ಹೊಗೆ ಹೇಳುವುದಿಲ್ಲ. ಸಿಆರ್‌ಪಿ ಅಷ್ಟೇ. ಬೆಂಕಿ ಎಲ್ಲಿದೆ ಎಂಬುದರ ಮೇಲೆ ನಿನ್ನ ವೀರ್ಯಕ್ಕೆ ಕೇಡೋ ಇಲ್ಲವೋ ಎಂಬುದು ನಿಂತಿದೆ.

ವೃಷಣದೊಳಗಿನ ಏರ್ಪಾಡು ವಿಚಿತ್ರ. ನಮ್ಮ ರೋಗನಿರೋಧಕ ವ್ಯವಸ್ಥೆ ಯಾವುದು ತನ್ನದು, ಯಾವುದು ಹೊರಗಿನದು ಎಂದು ಕಲಿಯುವುದು ಹುಟ್ಟುವ ಹೊತ್ತಿನಲ್ಲಿ. ವೀರ್ಯಾಣು ಹುಟ್ಟುವುದು ಹರೆಯಕ್ಕೆ ಬಂದಮೇಲೆ. ತಡವಾಗಿ ಬಂದ ಈ ಕಣಗಳನ್ನು ಶತ್ರುವೆಂದು ತಿಳಿದು ತಿಂದುಹಾಕಬಾರದೆಂದು ಸರ್ಟೋಲಿ ಎಂಬ ಜೀವಕೋಶಗಳು ಒತ್ತಾಗಿ ನಿಂತು ರಕ್ತಕ್ಕೂ ವೀರ್ಯಾಣುವಿಗೂ ನಡುವೆ ತಡೆಗೋಡೆ ಕಟ್ಟಿವೆ. ಪೆಟ್ಟು ಬಿದ್ದೋ, ಸೋಂಕು ತಗುಲಿಯೋ, ಶಸ್ತ್ರಚಿಕಿತ್ಸೆಯಿಂದಲೋ ಆ ಗೋಡೆ ಬಿರುಕು ಬಿಟ್ಟರೆ ಸ್ವಂತ ವೀರ್ಯಾಣುವಿನ ಮೇಲೆಯೇ ಪ್ರತಿಕಾಯಗಳು ಏಳಬಹುದು. ಹರೆಯದ ನಂತರ ಮಂಗಬಾವು ಬಂದ ಗಂಡಸರಲ್ಲಿ ಸುಮಾರು ನೂರಕ್ಕೆ 20-30 ಮಂದಿಗೆ ವೃಷಣವೂ ಬಾತುಕೊಳ್ಳುತ್ತದೆ. ಬಹಳ ಮಂದಿಗೆ ಒಂದೇ ಕಡೆ, ಹಾಗಾಗಿ ಪೂರ್ತಿ ಬಂಜೆತನ ಅಪರೂಪ. ಆದರೂ ಕುಗ್ಗಿದ ವೃಷಣ ಹಿಗ್ಗುವುದಿಲ್ಲ.

ಇನ್ನು ಬಿಳಿ ರಕ್ತಕಣಗಳ ಕೆಲಸ. ಸೂಕ್ಷ್ಮಾಣು ಕೊಲ್ಲಲು ಅವು ಉರಿಯುವ ಆಮ್ಲಜನಕದ ಕಣಗಳನ್ನು ಎರಚುತ್ತವೆ. ಪಕ್ಕದಲ್ಲಿ ವೀರ್ಯಾಣು ಇದ್ದರೆ ಅದಕ್ಕೂ ತಾಗುತ್ತದೆ. ವೀರ್ಯಾಣುವಿನ ಹೊರಪದರ ಸುಲಭವಾಗಿ ಕೆಡುವ ಕೊಬ್ಬಿನಿಂದಾದದ್ದು. ಈಜಲು ಹಗುರಾಗಬೇಕೆಂದು ಅದು ತನ್ನ ಒಳರಸವನ್ನೆಲ್ಲ ಬಿಟ್ಟು ಬಂದಿರುತ್ತದೆ, ಹಾಗಾಗಿ ತಡೆದುಕೊಳ್ಳುವ ಸಾಮಗ್ರಿಯೂ ಅದರ ಬಳಿ ಅಷ್ಟಕ್ಕಷ್ಟೇ. ಮೊದಲು ಓಟ ಕುಗ್ಗುತ್ತದೆ, ಆಮೇಲೆ ತಲೆಯೊಳಗಿನ ಡಿಎನ್‌ಎ ತುಂಡಾಗುತ್ತದೆ. ತುಂಡಾದದ್ದನ್ನು ಹೊಲಿದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಸ್ವಲ್ಪ ಮಟ್ಟಿಗೆ ಹೆಣ್ಣಿನ ಅಂಡಾಣುವೇ ಆ ಕೆಲಸ ಮಾಡಿಕೊಡುತ್ತದೆ.

ಇಲ್ಲಿ ಒಂದು ಸಂಗತಿ ತಲೆಯಲ್ಲಿಟ್ಟುಕೋ. ಈ ಎರಚಾಟ ನಡೆಯುವುದು ವೀರ್ಯದಲ್ಲಿ, ತೋಳಿನ ರಕ್ತನಾಳದಲ್ಲಲ್ಲ. ಎಪಿಡಿಡಿಮಿಸ್ ಎಂಬ ಸಣ್ಣ ಸುರುಳಿ ನಾಳದಲ್ಲೋ ಪ್ರಾಸ್ಟೇಟಿನಲ್ಲೋ ತಣ್ಣಗೆ ಕೂತ ಹಳೆಯ ಸೋಂಕಿಗೆ ರಕ್ತದ ಸಿಆರ್‌ಪಿ ಏರಲೇಬೇಕೆಂದಿಲ್ಲ. ಸಿಆರ್‌ಪಿ 0.5 ಇದ್ದವನ ವೀರ್ಯದಲ್ಲಿ ಬಿಳಿಕಣ ತುಂಬಿರಬಹುದು. ಕೀಲುವಾತದಿಂದ ಸಿಆರ್‌ಪಿ 20 ಇರುವವನು ಮೂರು ಮಕ್ಕಳ ತಂದೆಯಾಗಿರಬಹುದು. ನಾರ್ಮಲ್ ರಕ್ತದ ರಿಪೋರ್ಟು ಹಿಡಿದು ‘ನನ್ನಲ್ಲೇನೂ ದೋಷವಿಲ್ಲ’ ಎಂದು ಮನೆಯಲ್ಲಿ ಎದೆಯುಬ್ಬಿಸುವವನು, ಹೆಚ್ಚಿಗೆ ಬಂದ ರಿಪೋರ್ಟು ಹಿಡಿದು ಅಳುವವನು, ಇಬ್ಬರೂ ನೋಡುತ್ತಿರುವುದು ತಪ್ಪು ಕಾಗದವನ್ನು.

ಸರಿಯಾದ ಕಾಗದ ವೀರ್ಯ ಪರೀಕ್ಷೆಯದು. ಅದರ ಹತ್ತಿರ ಗಂಡಸರು ಬರುವ ರೀತಿ ನೋಡಿದವನು ನಾನು. ಹೆಂಡತಿಯ ಫೈಲು ಎರಡು ಬೆರಳು ದಪ್ಪ ಇರುತ್ತಿತ್ತು. ಸ್ಕ್ಯಾನ್, ಥೈರಾಯ್ಡ್, ಗರ್ಭನಾಳದ ಎಕ್ಸ್‌ರೇ, ಮೂರು ಊರಿನ ಡಾಕ್ಟರರ ಚೀಟಿ, ನಡುನಡುವೆ ಹರಕೆಯ ರಸೀದಿ. ಗಂಡನದು ಒಂದು ಹಾಳೆಯೂ ಇಲ್ಲ. ಕೊನೆಗೊಂದು ದಿನ ಯಾರೋ ಡಾಕ್ಟರು ಗದರಿಸಿದ ಮೇಲೆ, ಲ್ಯಾಬು ಮುಚ್ಚುವ ಹೊತ್ತಿಗೆ, ಬೇರೆ ಊರಿನಿಂದ, ಬೇರೆ ಹೆಸರು ಹೇಳಿಕೊಂಡು ಬರುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಮಕ್ಕಳಾಗದ ತೊಂದರೆ ಬರುತ್ತದೆ. ಅಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನದೂ ಪಾಲಿರುತ್ತದೆ. ರಾಮಾಯಣದ ದಶರಥನನ್ನೇ ನೋಡು. ಮೂವರು ರಾಣಿಯರಿದ್ದೂ ಮಕ್ಕಳಾಗಲಿಲ್ಲ, ಪುತ್ರಕಾಮೇಷ್ಟಿಗೆ ತಾನೇ ದೀಕ್ಷೆ ಹಿಡಿದು ಕೂತ. ಕೌಸಲ್ಯೆಯೊಬ್ಬಳನ್ನೇ ಊರೂರು ಸುತ್ತಿಸಲಿಲ್ಲ.

ಪರೀಕ್ಷೆ ಸರಳ, ನೋವಿಲ್ಲ, ಸಾಮಾನ್ಯ ಲ್ಯಾಬಿನಲ್ಲಿ ನಿನ್ನ ಹೆಲ್ತ್ ಪ್ಯಾಕೇಜಿಗಿಂತ ಅಗ್ಗ. ಆದರೆ ಕ್ರಮ ಬೇಕು. ಕಡೆಯ ಸ್ಖಲನವಾಗಿ ಎರಡರಿಂದ ಏಳು ದಿನದೊಳಗೆ ಕೊಡಬೇಕು. ತಿಂಗಳಿಡೀ ಬಿಟ್ಟು ಕೊಟ್ಟರೆ ಎಣಿಕೆ ಹೆಚ್ಚೆಂದು ತೋರುತ್ತದೆ, ಓಟ ಸತ್ತಿರುತ್ತದೆ. ಲ್ಯಾಬು ಕೊಟ್ಟ ಡಬ್ಬಿಗೇ ನೇರವಾಗಿ ಹಿಡಿಯಬೇಕು. ಎಣ್ಣೆ, ಸಾಬೂನು, ಎಂಜಲು, ಅಂಗಡಿಯ ಕಾಂಡೋಮ್ ಯಾವುದೂ ಕೂಡದು, ಇವೆಲ್ಲ ವೀರ್ಯಾಣುವಿಗೆ ವಿಷ. ಮೊದಲ ಹನಿ ಚೆಲ್ಲಿದರೆ ಮುಚ್ಚಿಡದೆ ಹೇಳು, ಹೆಚ್ಚು ವೀರ್ಯಾಣು ಇರುವುದು ಅದರಲ್ಲೇ. ಮನೆಯಿಂದ ತರುವುದಾದರೆ ಒಂದು ತಾಸಿನೊಳಗೆ, ಅಂಗಿಯ ಒಳಜೇಬಿನಲ್ಲಿ ಮೈ ಬಿಸಿಯಲ್ಲೇ ತರಬೇಕು. ಫ್ರಿಜ್ಜಿನಲ್ಲಿಟ್ಟು ತಂದವರನ್ನೂ ನೋಡಿದ್ದೇನೆ, ಪಾಪ, ಹಾಲು ಕೆಡಬಾರದೆಂಬಂತೆ ಯೋಚಿಸಿದ್ದರು.

ರಿಪೋರ್ಟು ಕೈಗೆ ಬಂದಾಗ ನೀನು ಇನ್ನೊಮ್ಮೆ ಬೆಚ್ಚುವ ಸಾಧ್ಯತೆಯಿದೆ, ಹಾಗಾಗಿ ಮುಂಚೆಯೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಅಲುಗುವಂಥವು ನೂರಕ್ಕೆ 42, ಸರಿಯಾದ ಆಕಾರದವು ನೂರಕ್ಕೆ 4. ಹೌದು, ನಾಲ್ಕೇ. ‘ತೊಂಬತ್ತಾರು ಪರ್ಸೆಂಟ್ ಅಬ್‌ನಾರ್ಮಲ್’ ಎಂದು ಬರೆದ ಕಾಗದ ಹಿಡಿದು ನಡುಗುತ್ತ ಬಂದ ಹುಡುಗರಿಗೆ ನಾನು ಕುರ್ಚಿ ಕೊಟ್ಟು ನೀರು ಕುಡಿಸಿದ್ದುಂಟು. ಅಷ್ಟಿದ್ದರೆ ಸಾಕು ಕಣಪ್ಪಾ. ಅದೂ ಅಲ್ಲದೆ ಈ ಗೆರೆಗಳು ಪಾಸು-ಫೇಲಿನವಲ್ಲ. ಒಂದು ವರ್ಷದೊಳಗೆ ಹೆಂಡತಿ ಬಸುರಿಯಾದ ಗಂಡಸರನ್ನೇ ಅಳೆದು, ಅವರಲ್ಲಿ ಅತಿ ಕೆಳಗಿನ ನೂರಕ್ಕೆ ಐದು ಮಂದಿ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಎಳೆದದ್ದು. ಅಂದರೆ ಆ ಗೆರೆಯ ಕೆಳಗೂ ಅಪ್ಪಂದಿರಿದ್ದಾರೆ. ಒಬ್ಬನದೇ ವೀರ್ಯ ಈ ವಾರ ಒಂದು ತೆರ, ಮುಂದಿನ ತಿಂಗಳು ಇನ್ನೊಂದು ತೆರ. ಹಾಗಾಗಿ ಒಂದು ಸಲ ಕಡಿಮೆ ಬಂದರೆ ತಿಂಗಳು ಬಿಟ್ಟು ಎರಡನೆಯದು ಮಾಡಿಸಲೇಬೇಕು.

ಉರಿಯೂತದ ಗುರುತು ಇರುವುದೂ ಈ ಕಾಗದದಲ್ಲೇ. ಮಿಲಿಲೀಟರಿಗೆ 10 ಲಕ್ಷಕ್ಕಿಂತ ಹೆಚ್ಚು ಬಿಳಿಕಣ ಕಂಡರೆ ಡಾಕ್ಟರು ಗಮನಿಸುತ್ತಾರೆ. ನಮ್ಮ ಕಡೆಯ ರಿಪೋರ್ಟುಗಳಲ್ಲಿ ಅದನ್ನು ‘ಪಸ್ ಸೆಲ್ಸ್’ ಎಂದು ಬರೆಯುತ್ತಾರೆ. ಇಲ್ಲೊಂದು ಕಸುಬಿನ ಗುಟ್ಟಿದೆ. ಸೂಕ್ಷ್ಮದರ್ಶಕದಲ್ಲಿ ದುಂಡಗೆ ಕಂಡದ್ದೆಲ್ಲ ಬಿಳಿಕಣವಲ್ಲ, ಇನ್ನೂ ಬಲಿಯದ ವೀರ್ಯಾಣುವಿನ ಮೂಲಕಣಗಳೂ ಹಾಗೇ ದುಂಡಗಿರುತ್ತವೆ. ಪೆರಾಕ್ಸಿಡೇಸ್ ಎಂಬ ಬಣ್ಣ ಹಾಕಿ ನೋಡಿದರೆ ಮಾತ್ರ ಬೇರೆಬೇರೆ ತಿಳಿಯುತ್ತದೆ. ದಿನಕ್ಕೆ ನೂರು ಸ್ಯಾಂಪಲ್ ನೋಡುವ ಲ್ಯಾಬಿನಲ್ಲಿ ಆ ಬಣ್ಣ ಹಾಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ‘ಪಸ್ ಸೆಲ್ಸ್ 8-10’ ಎಂಬ ಒಂದೇ ಸಾಲಿನ ಮೇಲೆ, ಕಲ್ಚರ್ ಮಾಡಿಸದೆ, ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ನುಂಗಿದ ಗಂಡಸರು ಎಷ್ಟೋ. ನಿನಗೆ ಯಾರಾದರೂ ಹಾಗೆ ಬರೆದುಕೊಟ್ಟರೆ, ಇದು ನಿಜಕ್ಕೂ ಬಿಳಿಕಣವೇ, ಕಲ್ಚರ್ ಬೇಕೇ ಎಂದು ಮರ್ಯಾದೆಯಿಂದ ಕೇಳು. ಕೇಳಿದರೆ ಬೈಯುವ ಡಾಕ್ಟರಾದರೆ ಇನ್ನೊಬ್ಬರಿದ್ದಾರೆ.

ಕಾಲದ ಲೆಕ್ಕವೂ ತಿಳಿದಿರಲಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಆಮೇಲೆ ಎಪಿಡಿಡಿಮಿಸ್‌ನಲ್ಲಿ ಬಲಿತು ಹೊರಬರಲು ಇನ್ನೊಂದೆರಡು ವಾರ. ನೀನು ಇಂದು ಕೊಟ್ಟ ಸ್ಯಾಂಪಲ್ ಮೂರು ತಿಂಗಳ ಹಿಂದಿನ ನಿನ್ನ ದೇಹದ ಸುದ್ದಿ. ವೃಷಣ ದೇಹದ ಹೊರಗೆ ತೂಗುವುದೇ ಎರಡು ಮೂರು ಡಿಗ್ರಿ ತಂಪಾಗಿರಲೆಂದು, ಜ್ವರ ಬಂದರೆ ಆ ತಂಪು ಹೋಗುತ್ತದೆ. ಡೆಂಗಿಯೋ ಟೈಫಾಯ್ಡೋ ಬಂದು ನಾಲ್ಕು ದಿನ 103 ಡಿಗ್ರಿ ಕಾದಿದ್ದರೆ ಅದರ ಫಲ ಮುಂದಿನ ಎರಡು ಮೂರು ತಿಂಗಳ ವೀರ್ಯದಲ್ಲಿ ಕಾಣುತ್ತದೆ. ಆ ಹೊತ್ತಿನಲ್ಲಿ ಮಾಡಿಸಿದ ಪರೀಕ್ಷೆ ಕೆಟ್ಟದಾಗಿ ಬಂದರೆ ಕಂಗಾಲಾಗಬೇಡ, ಜ್ವರ ಬಂದಿತ್ತೆಂದು ಡಾಕ್ಟರಿಗೆ ಹೇಳಿ ಮೂರು ತಿಂಗಳು ಕಾದು ಮತ್ತೆ ಮಾಡಿಸು. ಯಾವ ಔಷಧವಾಗಲಿ, ತೂಕ ಇಳಿಸಿದ್ದಾಗಲಿ, ತಂಬಾಕು ಬಿಟ್ಟದ್ದಾಗಲಿ, ಫಲ ಕಾಣಲು ಅಷ್ಟೇ ಕಾಲ ಬೇಕು. ಹದಿನೈದು ದಿನದಲ್ಲಿ ಕೌಂಟ್ ಹೆಚ್ಚಿಸುತ್ತೇವೆಂದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದವನಿಗೆ ಈ 74ರ ಲೆಕ್ಕ ಗೊತ್ತಿಲ್ಲ, ಇಲ್ಲವೇ ನಿನಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತು.

ಇನ್ನು ಬೆಂಕಿ ಎಲ್ಲಿದೆ ಎಂದು ಹುಡುಕುವ ಮಾತು. ನಿನ್ನ ವಯಸ್ಸಿನವರಲ್ಲಿ ಸಿಆರ್‌ಪಿ ಸದಾ ತುಸು ಏರಿಯೇ ಇದ್ದರೆ ಬಹಳ ಸಲ ಕಾರಣ ಬೆಲ್ಟಿನ ಹಿಂದೆಯೇ ಇರುತ್ತದೆ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವ ಪದಾರ್ಥವಲ್ಲ. ಅದೇ ಇಂಟರ್‌ಲ್ಯೂಕಿನ್-6ನ್ನು ಹೊರಬಿಡುತ್ತದೆ, ಅದರಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಈಸ್ಟ್ರೋಜನ್ ಏರಿದೊಡನೆ ಮೆದುಳು ವೃಷಣಕ್ಕೆ ಕಳಿಸುವ ಆಜ್ಞೆ ಕಡಿಮೆ ಮಾಡುತ್ತದೆ. ತೊಡೆ ಹೊಟ್ಟೆಗಳ ಕೊಬ್ಬಿನ ನಡುವೆ ಶಾಖ ಬೇರೆ. ಇಲ್ಲಿ ಸಿಆರ್‌ಪಿಯೂ ವೀರ್ಯವೂ ಒಂದೇ ಕಾರಣದಿಂದ ಕೆಡುತ್ತಿವೆ, ಒಂದು ಇನ್ನೊಂದನ್ನು ಕೆಡಿಸಿದ್ದಲ್ಲ. ಸಿಗರೇಟು, ಗುಟ್ಕಾ, ರಕ್ತ ಒಸರುವ ವಸಡು ಇವೂ ಸಿಆರ್‌ಪಿ ಏರಿಸುತ್ತವೆ. ದಂತವೈದ್ಯರ ಬಳಿ ಹೋಗಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ನಗುತ್ತೀರಿ. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯಬಾರದು, ಅದು ಶ್ವಾಸಕೋಶಕ್ಕಷ್ಟೇ ಅಲ್ಲ, ಎಪಿಡಿಡಿಮಿಸ್‌ಗೂ ಇಳಿದು ದಾರಿ ಮುಚ್ಚುತ್ತದೆ. ವೃಷಣದ ಮೇಲಿನ ರಕ್ತನಾಳ ಉಬ್ಬುವ ವೆರಿಕೋಸೀಲ್ ಸಾಮಾನ್ಯ ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದ್ದರೆ, ಮಕ್ಕಳಿಲ್ಲವೆಂದು ಬರುವವರಲ್ಲಿ 35ರಿಂದ 40 ಮಂದಿಗೆ. ಅದನ್ನು ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲ, ಡಾಕ್ಟರು ನಿನ್ನನ್ನು ನಿಲ್ಲಿಸಿ ಕೈಯಿಟ್ಟು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ವೀರ್ಯಾಣು ಒಂದೂ ಇಲ್ಲವೆಂದೋ ತೀರಾ ಕಡಿಮೆಯೆಂದೋ ಬಂದರೆ ಹಾರ್ಮೋನು, ವರ್ಣತಂತುಗಳ ಪರೀಕ್ಷೆ ಹೇಳುತ್ತಾರೆ. ಹುಟ್ಟಿನಿಂದ ಬಂದ ಕಾರಣವಿದ್ದರೆ ಅದಕ್ಕೂ ಉರಿಯೂತಕ್ಕೂ ಸಂಬಂಧವಿಲ್ಲ.

ಒಂದು ಔಷಧದ ವಿಚಾರ ನಿನ್ನ ಕಿವಿಗೆ ಹಾಕಲೇಬೇಕು. ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಕೀಲುವಾತ, ಕರುಳಿನ ಹುಣ್ಣಾದ ಅಲ್ಸರೇಟಿವ್ ಕೊಲೈಟಿಸ್, ಇವು ಇಪ್ಪತ್ತು ಮೂವತ್ತರ ಹರೆಯದಲ್ಲೂ ಬರಬಹುದು. ಇವುಗಳಿಗೆ ಸಲ್ಫಾಸಲಜೀನ್ ಎಂಬ ಹಳೆಯ ಮಾತ್ರೆ ಕೊಡುತ್ತಾರೆ. ಅದು ಉರಿಯೂತ ಇಳಿಸುತ್ತದೆ, ಸಿಆರ್‌ಪಿ ಇಳಿಯುತ್ತದೆ. ಜೊತೆಗೆ ವೀರ್ಯಾಣುವಿನ ಎಣಿಕೆಯನ್ನೂ ಓಟವನ್ನೂ ಇಳಿಸುತ್ತದೆ. 1979ರಷ್ಟು ಹಿಂದೆಯೇ ಇದು ವರದಿಯಾಗಿತ್ತು. ಮಾತ್ರೆ ಬಿಟ್ಟ ಎರಡು ಮೂರು ತಿಂಗಳಿಗೆ ವೀರ್ಯ ಮೊದಲಿನಂತಾಗುತ್ತದೆ. ಸಿಆರ್‌ಪಿಯೊಂದನ್ನೇ ದೇವರೆಂದು ನಂಬಿದವನು ಇಲ್ಲಿ ಏನು ಮಾಡುತ್ತಾನೆ? ರಿಪೋರ್ಟು ಸುಧಾರಿಸಿತೆಂದು ಸಂತೋಷಪಡುತ್ತಾನೆ, ಮನೆಯಲ್ಲಿ ಕೂಸಿಲ್ಲ. ನೀನು ಅಂಥ ಮಾತ್ರೆಯಲ್ಲಿದ್ದರೆ ನೀನಾಗಿಯೇ ನಿಲ್ಲಿಸಬೇಡ, ರೋಗ ಮತ್ತೆ ತಲೆಯೆತ್ತಬಹುದು. ‘ಮಗುವಿಗೆ ಪ್ರಯತ್ನಿಸುತ್ತಿದ್ದೇವೆ, ಬೇರೆ ಔಷಧ ಇದೆಯೇ’ ಎಂದು ಡಾಕ್ಟರನ್ನು ಕೇಳು. ಇದೆ. ನೀನು ಬಾಯಿ ಬಿಡದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಅದಕ್ಕಿಂತ ದೊಡ್ಡ ಅನಾಹುತ ಜಿಮ್ಮಿನ ಇಂಜೆಕ್ಷನ್ನು. ‘ಟೆಸ್ಟೋಸ್ಟಿರಾನ್ ಕಡಿಮೆ ಇದ್ದರೆ ಮಕ್ಕಳಾಗುವುದಿಲ್ಲ, ಹಾಗಾದರೆ ಹಾಕಿಸಿಕೊಂಡರೆ ಆಗುತ್ತವೆ’ ಎಂಬುದು ಹುಡುಗರ ತರ್ಕ. ಕೇಳಲು ಸರಿಯಾಗಿಯೇ ಇದೆ, ನಡೆಯುವುದು ಮಾತ್ರ ತಲೆಕೆಳಗು. ಹೊರಗಿನಿಂದ ಹಾರ್ಮೋನು ಬಂದೊಡನೆ ಮೆದುಳು ಸಾಕೆಂದು ತನ್ನ ಆಜ್ಞೆ ನಿಲ್ಲಿಸುತ್ತದೆ. ವೃಷಣ ಕೆಲಸ ಬಿಡುತ್ತದೆ, ಎಣಿಕೆ ಸೊನ್ನೆಗೂ ಇಳಿಯುತ್ತದೆ. ತೋಳು ಉಬ್ಬಿದೆ, ಸ್ಲೈಡಿನಲ್ಲಿ ಒಂದು ವೀರ್ಯಾಣುವೂ ಇಲ್ಲ. ಅಂಥ ಸ್ಲೈಡು ನೋಡಿ, ಎದುರಿಗೆ ನಿಂತ ಗಟ್ಟಿಮುಟ್ಟಾದ ಹುಡುಗನನ್ನು ನೋಡಿ, ಬರೆಯಲು ಕೈ ಬಾರದೆ ಕೂತದ್ದಿದೆ. ಬಿಟ್ಟರೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆರು ತಿಂಗಳೂ ಹಿಡಿಯಬಹುದು, ಎರಡು ವರ್ಷವೂ ಹಿಡಿಯಬಹುದು. ಎಷ್ಟು ಕಾಲ ಹಾಕಿಸಿಕೊಂಡಿದ್ದೆ ಎಂಬುದರ ಮೇಲೆ ಹೋಗುತ್ತದೆ. ತರಬೇತುದಾರನಿಗೆ ಈ ವಿಷಯ ಹೇಳುವ ಜವಾಬ್ದಾರಿ ಇಲ್ಲ, ನನಗಿದೆ.

ಪುಡಿ, ಕ್ಯಾಪ್ಸೂಲು, ‘ಆ್ಯಂಟಿಆಕ್ಸಿಡೆಂಟ್’ ಡಬ್ಬಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದಲ್ಲಿ 2370 ದಂಪತಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲ 2020ರಲ್ಲಿ ಪ್ರಕಟವಾಯಿತು. ಗಂಡಸರಿಗೆ ಆರು ತಿಂಗಳು ಫೋಲಿಕ್ ಆ್ಯಸಿಡ್ ಮತ್ತು ಸತು ಕೊಟ್ಟು ನೋಡಿದರು. ಮಕ್ಕಳಾಗುವುದೂ ಹೆಚ್ಚಲಿಲ್ಲ, ವೀರ್ಯವೂ ಸುಧಾರಿಸಲಿಲ್ಲ, ಡಿಎನ್‌ಎ ತುಂಡಾಗುವುದು ತುಸು ಹೆಚ್ಚೇ ಆಯಿತು. ತಿಂಗಳಿಗೆ ಎರಡು ಮೂರು ಸಾವಿರ ಆ ಡಬ್ಬಿಗೆ ಸುರಿಯುವ ಬದಲು ಅದೇ ದುಡ್ಡಿನಲ್ಲಿ ಹಣ್ಣು, ಸೊಪ್ಪು, ಮೀನು ತಿನ್ನುವವನಾದರೆ ಮೀನು ತಾ. ಮನೆಯವರೆಲ್ಲ ತಿನ್ನಬಹುದು.

ಗಂಡಸರ ವೀರ್ಯಾಣು ಜಗತ್ತಿನಾದ್ಯಂತ ಅರ್ಧಕ್ಕೆ ಇಳಿದಿದೆ ಎಂಬ ಸುದ್ದಿಯನ್ನೂ ನೀನು ಓದಿರಬೇಕು. 2017ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಪಾಶ್ಚಾತ್ಯ ದೇಶಗಳ ಬಗ್ಗೆ ಹಾಗೆ ಹೇಳಿತು. ನಮ್ಮ ಮಣಿಪಾಲದ ಸಂಶೋಧಕರೂ ತಮ್ಮಲ್ಲಿಗೆ 1993ರಿಂದ 2005ರವರೆಗೆ ಪರೀಕ್ಷೆಗೆ ಬಂದ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕ ತೆಗೆದು, ಎಣಿಕೆ ಇಳಿಯುತ್ತಿದೆ ಎಂದು 2008ರಲ್ಲಿ ಬರೆದರು. ಅವರೆಲ್ಲ ಮಕ್ಕಳಿಲ್ಲವೆಂದು ಬಂದವರು, ಊರಿನ ಎಲ್ಲ ಗಂಡಸರಲ್ಲ ಎಂಬುದನ್ನೂ ಗಮನಿಸು. ಇಳಿಕೆ ನಿಜವೇ ಇರಲಿ, ಅದು ಸರ್ಕಾರ, ವಿಜ್ಞಾನಿಗಳು ತಲೆಕೆಡಿಸಿಕೊಳ್ಳಬೇಕಾದ ಸಂಗತಿ. ನಿನ್ನ ಸ್ಲೈಡಿನಲ್ಲಿ ಏನಿದೆ ಎಂಬುದು ನಿನ್ನ ಸ್ಲೈಡು ನೋಡಿದರೇ ತಿಳಿಯುವುದು.

ಮನೆಯ ಮಾತು ಒಂದಿದೆ. ಅವ್ವ ಸೊಸೆಯನ್ನು ನಾಗಪ್ಪನ ಕಟ್ಟೆಗೆ ಸುತ್ತು ಹಾಕಿಸುತ್ತಿದ್ದಾಳೆ, ಓಣಿಯ ಹೆಂಗಸರು ಸೀಮಂತಕ್ಕೆ ಕರೆಯುವಾಗ ಮುಖ ನೋಡುತ್ತಾರೆ. ಹರಕೆ ಬೇಡವೆಂದು ನಾನು ಹೇಳುವವನಲ್ಲ, ನಮ್ಮ ಮನೆಯಲ್ಲೂ ಹೊತ್ತಿದ್ದೇವೆ. ಆದರೆ ಸುತ್ತು ಹಾಕುವವಳ ಜೊತೆ ನೀನೂ ಹಾಕು. ‘ನನ್ನದೂ ಪರೀಕ್ಷೆ ಮಾಡಿಸುತ್ತಿದ್ದೇನೆ’ ಎಂಬ ಒಂದು ಮಾತನ್ನು ಅವ್ವನ ಎದುರಿಗೆ, ಊಟಕ್ಕೆ ಕೂತಾಗ, ಗಟ್ಟಿಯಾಗಿ ಹೇಳು. ಆ ಒಂದು ಮಾತಿಗೆ ಆ ಹುಡುಗಿಯ ಎದೆಯ ಭಾರ ಎಷ್ಟು ಇಳಿಯುತ್ತದೆ ಎಂದು ನಿನಗೆ ಅಂದಾಜಿಲ್ಲ. ರಿಪೋರ್ಟು ಬಂದ ಮೇಲೆ ಅವಳಿಗೆ ಮೊದಲು ತೋರಿಸು, ನನಗೆ ಆಮೇಲೆ ಕಳಿಸಿದರೂ ಆದೀತು.

ಹೆಂಡತಿಗೆ 35 ದಾಟಿಲ್ಲದಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ಇಬ್ಬರೂ ಒಟ್ಟಿಗೆ ಹೋಗಬೇಕು ಎಂಬುದು ಡಾಕ್ಟರುಗಳು ಒಪ್ಪಿಕೊಂಡ ಲೆಕ್ಕ. ನಿಮ್ಮದು ಎರಡು ವರ್ಷ ದಾಟಿದೆ. ಜ್ವರ ನೆಗಡಿ ಏನೂ ಇಲ್ಲದಾಗ ಸಿಆರ್‌ಪಿಯನ್ನು ಇನ್ನೊಮ್ಮೆ ನೋಡಿಸು, ಇನ್ನೂ ಹೆಚ್ಚಿದ್ದರೆ ಫಿಸಿಶಿಯನ್ ಹತ್ತಿರ ಕಾರಣ ಕೇಳು, ಅದು ನಿನ್ನ ಹೃದಯಕ್ಕೆ ಒಳ್ಳೆಯದು. ವೀರ್ಯ ಪರೀಕ್ಷೆಯನ್ನು ಮಾತ್ರ ಅದಕ್ಕಾಗಿ ಕಾಯಿಸಬೇಡ. ನಿನ್ನ ಹೆಂಡತಿಯನ್ನು ಮುಂದಿನ ಸ್ಕ್ಯಾನಿಗೆ ಕಳಿಸುವ ಮುಂಚೆ, ಇದೇ ವಾರ, ನಿನ್ನ ಸ್ವಂತ ಹೆಸರು ಬರೆಸಿ ಕೊಟ್ಟು ಬಾ.